ಯಜಮಾನರು ಯಾರು? ಹೊಸೂರು ರಸ್ತೆಯ ಕೆಲವು ಟಿಪ್ಪಣಿಗಳು

ಆಗಸ್ಟ್ 4, 2025, ಸೋಮವಾರ

ನಾಳೆಯಿಂದ ಬಸ್ಸಿಲ್ಲವಂತೆ. ಬೊಮ್ಮನಹಳ್ಳಿಯ ದರ್ಶಿನಿಯಲ್ಲಿ ಕಾಫಿ ಲೋಟ ಹಿಡಿದು ನಿಂತವರೆಲ್ಲ ಟಿವಿಯತ್ತ ಕತ್ತು ಚಾಚಿದ್ದರು. ವಿಧಾನಸೌಧದ ಮಾತುಕತೆ ಮುರಿದುಬಿದ್ದಿದೆ. ಸಾರಿಗೆ ನೌಕರರ ಜಂಟಿ ಕ್ರಿಯಾ ಸಮಿತಿ ಕೇಳಿದ್ದು 38 ತಿಂಗಳ ಹಿಂಬಾಕಿ. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೊಡುತ್ತೇವೆ ಅಂದದ್ದು 14 ತಿಂಗಳದ್ದು. ಪಕ್ಕದಲ್ಲಿದ್ದ ಹಿರಿಯರು, "ತರಕಾರಿ ವ್ಯಾಪಾರ ಆಯ್ತಲ್ರೀ" ಅಂದರು. ತರಕಾರಿಯಾದರೆ ನಡುವೆ ಎಲ್ಲೋ ಕುದುರುತ್ತದೆ. ದುಡಿದು ಮುಗಿಸಿದ ತಿಂಗಳುಗಳಲ್ಲಿ ಚೌಕಾಸಿ ಮಾಡುವುದು ಹೇಗೆಂದು ನನಗೆ ಹೊಳೆಯಲಿಲ್ಲ.

ಮನೆಗೆ ಬಂದು ಕ್ಯಾಲೆಂಡರ್ ಲೆಕ್ಕ ಹಾಕಿದೆ. ಸಾರಿಗೆ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ವೇತನ ಒಪ್ಪಂದ. 2016ರದ್ದು ಆ ವರ್ಷದ ಜುಲೈನಲ್ಲಿ ಮೂರು ದಿನ ಬಸ್ ನಿಂತ ಮೇಲೆ ಶೇ 12.5ಕ್ಕೆ ಇತ್ಯರ್ಥವಾಯಿತು. ಮುಂದಿನದು 2020ರ ಜನವರಿ 1ರಿಂದ ಬರಬೇಕಿತ್ತು. ಕೊರೊನಾ ಬಂತು, ಎರಡು ಮುಷ್ಕರ ಬಂದವು, ಒಪ್ಪಂದ ಬರಲಿಲ್ಲ. ಕೊನೆಗೆ 2023ರ ಮಾರ್ಚ್‌ನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಬೊಮ್ಮಾಯಿಯವರ ಸರ್ಕಾರ ಶೇ 15 ಹೆಚ್ಚಿಸಿತು. ಅನ್ವಯ ಮಾತ್ರ ಮಾರ್ಚ್ 1ರಿಂದ. ಅದಕ್ಕೂ ಹಿಂದಿನ 38 ತಿಂಗಳು ಹಾಗೇ ನೇತಾಡಿಕೊಂಡಿವೆ.

ನಿವೃತ್ತ ಐಎಎಸ್ ಅಧಿಕಾರಿ ಎಂ.ಆರ್. ಶ್ರೀನಿವಾಸಮೂರ್ತಿ ಅವರ ಏಕಸದಸ್ಯ ಸಮಿತಿಯ ವರದಿಯನ್ನು ಮುಂದಿಟ್ಟು ಸರ್ಕಾರ ಹೇಳುತ್ತಿರುವ ಮೊತ್ತ 718 ಕೋಟಿ. 2023ರ ಫೆಬ್ರವರಿಯಿಂದ ಹಿಂದಕ್ಕೆ ಹದಿನಾಲ್ಕು ಎಣಿಸಿದೆ, 2022ರ ಜನವರಿಗೆ ಬಂದು ನಿಂತಿತು. ಹಾಗಾದರೆ ಲೆಕ್ಕದಿಂದ ಜಾರಿಹೋದದ್ದು 2020 ಮತ್ತು 2021, ನಮ್ಮೆಲ್ಲರ ಬದುಕಿನಿಂದಲೂ ಜಾರಿಹೋದ ಅದೇ ಎರಡು ವರ್ಷ.

ಇನ್ನೊಂದು ಗುಣಾಕಾರ ಮಾಡಿದೆ, ಅದು ಸರಿ ಬರಲಿಲ್ಲ. 718 ಕೋಟಿಯನ್ನು ಹದಿನಾಲ್ಕರಿಂದ ಭಾಗಿಸಿದರೆ ತಿಂಗಳಿಗೆ 51 ಕೋಟಿ ಚಿಲ್ಲರೆ. 38 ತಿಂಗಳಿಗೆ ಸುಮಾರು 1,950 ಕೋಟಿ ಆಗಬೇಕು. ಎಲ್ಲರೂ ಹೇಳುತ್ತಿರುವುದು ಸುಮಾರು 1,800 ಕೋಟಿ. ಕೊರೊನಾ ಕಾಲದಲ್ಲಿ ಒಂದೂವರೆ ವರ್ಷ ತುಟ್ಟಿಭತ್ಯೆ ಏರಲಿಲ್ಲವಲ್ಲ, ಆ ತಿಂಗಳುಗಳು ಸ್ವಲ್ಪ ಅಗ್ಗ ಇರಬಹುದು. ಅಗ್ಗದ ತಿಂಗಳುಗಳನ್ನೇ ಕೊಡದೆ ಬಿಟ್ಟಿದ್ದಾರೆ ಎಂದರೆ ಇದು ಜಿಪುಣತನವೋ ಉದಾರತನವೋ ತಿಳಿಯದೆ ಪುಸ್ತಕ ಮುಚ್ಚಿದೆ.

ಸಂಜೆ: ಮುಷ್ಕರ ಒಂದು ದಿನ ತಡೆಯಿರಿ ಎಂದು ಹೈಕೋರ್ಟ್. ನಾಳೆ ಬೆಳಿಗ್ಗೆ ಆರಕ್ಕೆ ಶುರು ಎಂದು ಸಂಘಗಳು.

ಆಗಸ್ಟ್ 5, ಮಂಗಳವಾರ

ಬಸ್ ಬಂತು! ಏಳೂ ಮುಕ್ಕಾಲಿಗೆ ಒಂದು 356, ಅದರ ಬೆನ್ನಿಗೇ ಇನ್ನೊಂದು. ರಾಜ್ಯದ ಬೇರೆ ಕಡೆ ನಿಲ್ದಾಣಗಳು ಬಿಕೋ ಎನ್ನುತ್ತಿವೆ ಎಂದು ಫೋನು ತೋರಿಸುತ್ತಿತ್ತು. ಹೊಸೂರು ರಸ್ತೆಯಲ್ಲಿ ಬಿಎಂಟಿಸಿ ಓಡುತ್ತಿತ್ತು, ಜನರೇ ಕಮ್ಮಿ. ಮುಷ್ಕರ ಎಂದು ನಂಬಿ ಮನೆಯಲ್ಲೇ ಉಳಿದವರು, ಆಟೋ ಹಿಡಿದವರು. ಹೂಡಿದವರಿಗಿಂತ ನಂಬಿದವರೇ ಹೆಚ್ಚಿದ್ದ ಮುಷ್ಕರ.

ಗಾರ್ಮೆಂಟ್ಸಿಗೆ ಹೋಗುವ ಹೆಂಗಸೊಬ್ಬರು ಹತ್ತಿ ಆಧಾರ್ ತೋರಿಸುತ್ತ, "ಇವತ್ತು ಸ್ಟ್ರೈಕ್ ಅಂದ್ರಲ್ಲಣ್ಣ?" ಎಂದು ಕೇಳಿದರು.

"ಸ್ಟ್ರೈಕೇ ಕಣಕ್ಕ. ನಾನೂ ಟಿವೀಲಿ ನೋಡ್ದೆ" ಎಂದು ಕಂಡಕ್ಟರ್ ಸೊನ್ನೆ ಟಿಕೆಟ್ ಹರಿದು ಕೊಟ್ಟರು.

ಯಾಕೆ ಡ್ಯೂಟಿಗೆ ಬಂದಿರಿ ಎಂದು ನಾನು ಕೇಳಿದೆ. ಅವರು ತಕ್ಷಣ ಹೇಳಲಿಲ್ಲ. ಮಡಿವಾಳ ದಾಟಿದ ಮೇಲೆ ಹತ್ತಿರ ಬಂದು ಒಂದೇ ಮಾತು ಅಂದರು: "2021 ನೋಡಿದೀವಿ ಸಾರ್." ಆ ಏಪ್ರಿಲ್‌ನಲ್ಲಿ ಎರಡು ವಾರ ಬಸ್ ನಿಂತಿತ್ತು. ಅಮಾನತು, ವಜಾ, ಊರೂರಿಗೆ ವರ್ಗಾವಣೆ. ವಜಾ ಆದವರಲ್ಲಿ ಹಲವರು ಆಮೇಲೆ ಮರಳಿ ಬಂದರು ನಿಜ, ಆದರೆ ಆ ನೆನಪು ಡಿಪೋಗಳಿಂದ ಎಲ್ಲಿಗೂ ವರ್ಗವಾಗಿಲ್ಲ.

ಆಫೀಸಿನಿಂದ ಮರಳುವಾಗ ಎಲೆಕ್ಟ್ರಿಕ್ ಬಸ್ ಸಿಕ್ಕಿತು. ಅದರ ಡ್ರೈವರ್ ನಿಗಮದ ನೌಕರನೇ ಅಲ್ಲ. ಬಸ್ಸು ಕಂಪನಿಯದು, ಡ್ರೈವರೂ ಕಂಪನಿಯವನು, ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಬಿಎಂಟಿಸಿ ಕಂಪನಿಗೆ ದುಡ್ಡು ಕಟ್ಟುತ್ತದೆ. ಕಂಡಕ್ಟರ್ ಮಾತ್ರ ನಿಗಮದವರು. ಒಂದೇ ಬಸ್ಸಿನಲ್ಲಿ ಮುಂದಿನ ಸೀಟಿಗೆ ಮುಷ್ಕರವಿಲ್ಲ, ಹಿಂದಿನ ಬಾಗಿಲಿಗೆ ಇದೆ.

ಅಷ್ಟರಲ್ಲಿ ಹೈಕೋರ್ಟ್ ಗದರಿ, ಸಂಘಗಳು ಮುಷ್ಕರ ಮುಂದೂಡಿದ ಸುದ್ದಿಯೂ ಬಂದಿತ್ತು.

ಆಗಸ್ಟ್ 6

ನಿನ್ನೆಯಿಂದ ಒಂದೇ ಪ್ರಶ್ನೆ ತಲೆ ತಿನ್ನುತ್ತಿದೆ: ಇವರ ಯಜಮಾನರು ಯಾರು?

ಕಾಗದದ ಮೇಲೆ ನಿಗಮ. ಟಿಕೆಟ್ ದರ ಏರಿಸುವುದು ನಿಗಮದ ಕೈಯಲ್ಲಿಲ್ಲ. ಈ ಜನವರಿ 5ರಿಂದ ದರ ಶೇ 15 ಏರಿದ್ದು ಸಚಿವ ಸಂಪುಟ ಒಪ್ಪಿದ ಮೇಲೆ. ಅರ್ಧಕ್ಕರ್ಧ ಪ್ರಯಾಣಿಕರ ಟಿಕೆಟ್ ದುಡ್ಡು 2023ರ ಜೂನ್ 11ರಿಂದ, ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯ ಲೆಕ್ಕದಲ್ಲಿ ಸರ್ಕಾರದಿಂದ ಬರಬೇಕು. ಕಳೆದ ತಿಂಗಳು 14ರಂದು 500 ಕೋಟಿಯನೇ ಉಚಿತ ಟಿಕೆಟ್ಟನ್ನು ಮುಖ್ಯಮಂತ್ರಿಗಳೇ ಕೊಟ್ಟರು. ಸಂಬಳ ಎಷ್ಟು ಏರಬೇಕು ಎಂಬುದೂ ನಿಗಮದ ತೀರ್ಮಾನವಲ್ಲ. ದರ, ಗಲ್ಲಾ, ಸಂಬಳ ಮೂರೂ ಕೈಯಲ್ಲಿಲ್ಲದವನನ್ನು ಅಂಗಡಿಯ ಯಜಮಾನ ಎನ್ನುತ್ತೇವೆಯೇ?

ಹಾಗಾದರೆ ಸರ್ಕಾರವೇ ಯಜಮಾನ ಎಂದುಕೊಳ್ಳಿ. 2020ರ ಡಿಸೆಂಬರ್ ಮುಷ್ಕರದಲ್ಲಿ ನೌಕರರು ಕೇಳಿದ್ದೂ ಅದನ್ನೇ: ನಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಿ. ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್ ಮುಂದಾಳು. (ರೈತರ ನಾಯಕರು ಬಸ್ಸಿನವರ ನಾಯಕರಾದದ್ದು ಹೇಗೆ ಎಂಬುದು ಬೇರೆಯೇ ಒಂದು ಟಿಪ್ಪಣಿ.) ಸರ್ಕಾರ ಉಳಿದ ಬಹುತೇಕ ಬೇಡಿಕೆಗಳಿಗೆ ತಲೆಯಾಡಿಸಿತು, ಅದೊಂದಕ್ಕೆ ಆಡಿಸಲಿಲ್ಲ. ಪಕ್ಕದ ಆಂಧ್ರದಲ್ಲಿ ಅದು ಆಗಿತ್ತು, ಅಲ್ಲಿನ ಸಾರಿಗೆ ನೌಕರರು ಸರ್ಕಾರಿ ಇಲಾಖೆಗೆ ಸೇರಿದ ದಿನ 2020ರ ಜನವರಿ 1. ನಮ್ಮವರ ಒಪ್ಪಂದ ಬರಬೇಕಿದ್ದ ದಿನವೂ ಅದೇ.

ಹಳೆಯದನ್ನು ಕೆದಕಿದರೆ ಇನ್ನೂ ಸೋಜಿಗ. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸಂಸ್ಥಾನದಲ್ಲಿ ಶುರುವಾದದ್ದು ಸರ್ಕಾರಿ ಇಲಾಖೆಯೇ. ನಿಗಮವಾದದ್ದು 1961ರ ಆಗಸ್ಟ್ 1ರಂದು. ಬಿಎಂಟಿಸಿ ಅದರಿಂದ ಬೇರೆಯಾದದ್ದು 1997ರ ಆಗಸ್ಟ್ 15ರಂದು. ಎಂದರೆ ನೌಕರರು ಕೇಳುತ್ತಿರುವುದು ಹೊಸ ಮನೆಯನ್ನಲ್ಲ, ತವರನ್ನು.

ಸಂಬಳ ಕೇಳುವಾಗ "ನೀವು ನಿಗಮದವರು". ಬಸ್ ನಿಲ್ಲಿಸಿದರೆ "ನೀವು ಅಗತ್ಯ ಸೇವೆಯವರು", ಎಸ್ಮಾ. ಅತ್ತೆ ಮನೆಯಲ್ಲಿ ಸೊಸೆಗೆ ಊಟದ ಹೊತ್ತಿಗೆ ಹೊರಗಿನವಳು, ಪಾತ್ರೆ ತೊಳೆಯುವಾಗ ಮನೆಮಗಳು ಎಂದ ಹಾಗೆ.

2023ರ ಮಾರ್ಚ್ 1 ಎಂಬ ತಾರೀಖು ನನ್ನ ಪುಸ್ತಕದಲ್ಲಿ ಎರಡು ಸಲ ಬಂದಿದೆ ಎಂಬುದು ಈಗ ಕಂಡಿತು. ಸಿ.ಎಸ್. ಷಡಾಕ್ಷರಿ ನೇತೃತ್ವದಲ್ಲಿ ಸರ್ಕಾರಿ ನೌಕರರು ಮುಷ್ಕರ ಹೂಡಿದ ದಿನವದು. ಬೆಳಿಗ್ಗೆ ಕಚೇರಿ ಬಾಗಿಲು ಹಾಕಿದರು, ಆ ದಿನವೇ ಶೇ 17 ಮಧ್ಯಂತರ ಪರಿಹಾರದ ಆದೇಶ ಹೊರಬಿತ್ತು. ಮುಂದೆ ಕೆ. ಸುಧಾಕರ ರಾವ್ ಅವರ ಏಳನೇ ವೇತನ ಆಯೋಗ, 2024ರ ಆಗಸ್ಟ್‌ನಿಂದ ಹೊಸ ಸಂಬಳ, ಬೊಕ್ಕಸಕ್ಕೆ ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಹೊರೆ. ಬಸ್ಸಿನವರ 38 ತಿಂಗಳೂ ಸೇರಿ ಕೇಳುತ್ತಿರುವುದು, ಒಂದೇ ಒಂದು ಸಲಕ್ಕೆ, ಅದರ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಫೈಲು ನಿಂತರೆ ಸರ್ಕಾರಕ್ಕೆ ನೋವು, ಬಸ್ಸು ನಿಂತರೆ ಗಾರ್ಮೆಂಟ್ಸಿನ ಹೆಂಗಸಿಗೆ ನೋವು; ವ್ಯತ್ಯಾಸ ಇಷ್ಟೇ ಇರಬಹುದೇ?

ಆಗಸ್ಟ್ 7

ಬೊಕ್ಕಸದಲ್ಲಿ ದುಡ್ಡಿದೆಯೇ? ಇದಕ್ಕೂ ಉತ್ತರ ಯಾವ ಮೇಜಿನ ಮುಂದೆ ಕೂತಿದ್ದೀರಿ ಎನ್ನುವುದರ ಮೇಲಿದೆ. ಗ್ಯಾರಂಟಿ ಯೋಜನೆಗಳಿಂದ ಖಜಾನೆ ಬರಿದಾಯಿತು ಎಂದರೆ ಸರ್ಕಾರಕ್ಕೆ ಸಿಟ್ಟು. 2025–26ರ ಬಜೆಟ್ ಗಾತ್ರ 4,09,549 ಕೋಟಿ, ಗ್ಯಾರಂಟಿಗಳಿಗೆ 51,034 ಕೋಟಿ, ರಾಜಸ್ವ ಕೊರತೆ 19,262 ಕೋಟಿ. ಹಿಂಬಾಕಿ ಕೇಳಿದಾಗ ಮಾತ್ರ ಕೈ ಬಿಗಿ ಇರುವುದು ನೆನಪಾಗುತ್ತದೆ. 1,800 ಕೋಟಿ ಎಂದರೆ ಆ ಬಜೆಟ್ಟಿನ ನೂರು ರೂಪಾಯಿಯಲ್ಲಿ 44 ಪೈಸೆ. 2021ರಲ್ಲಿ ಆಗಲ್ಲ ಎಂದವರು ಈಗ ವಿರೋಧ ಪಕ್ಷದಲ್ಲಿ ಕೂತು ಕೊಡಿ ಅನ್ನುತ್ತಿದ್ದಾರೆ. ಆಗ ಕೊಡಿ ಎಂದವರು ಈಗ ಹಿಂದಿನವರು ಬಿಟ್ಟುಹೋದ ಸಾಲದ ಪಟ್ಟಿ ಓದುತ್ತಿದ್ದಾರೆ.

ಸಾರಿಗೆ ಸಚಿವ ರಾಮಲಿಂಗಾ ರೆಡ್ಡಿ. 2016ರ ಮುಷ್ಕರದಲ್ಲೂ ಅವರೇ ಸಚಿವರು. ಸಿಲ್ಕ್ ಬೋರ್ಡ್ ದಾಟಿದರೆ ಅವರ ಬಿಟಿಎಂ ಲೇಔಟ್ ಕ್ಷೇತ್ರ. ಒಂಬತ್ತು ವರ್ಷದಲ್ಲಿ ಹೊಸೂರು ರಸ್ತೆಯೇ ಬದಲಾಯಿತು, ಮೇಜಿನ ಆ ಬದಿ ಈ ಬದಿ ಮುಖಗಳು ಅವೇ.

ನೌಕರರಲ್ಲೂ ಎರಡು ದಾರಿ. ಒಂದು ಗುಂಪಿಗೆ ನಾಲ್ಕು ವರ್ಷಕ್ಕೊಮ್ಮೆ ಕೂತು ಮಾತಾಡುವ ಹಕ್ಕು ಬೇಕು. ಇನ್ನೊಂದಕ್ಕೆ ಆ ಕೂರಾಟವೇ ಬೇಡ, ಸರ್ಕಾರಿ ನೌಕರರ ಸರಿಸಮ ಸಂಬಳ ಸಾಕು. 2024ರ ಜನವರಿಯಿಂದ ಆಗಬೇಕಿದ್ದ ಮುಂದಿನ ಒಪ್ಪಂದವೂ ಆಗಿಲ್ಲ ಎನ್ನುವುದನ್ನು ನೋಡಿದರೆ ಎರಡನೆಯವರ ಬೇಸರ ಅರ್ಥವಾಗುತ್ತದೆ. ಹಳೆಯ ಹಿಂಬಾಕಿ ತೀರುವ ಮೊದಲೇ ಹೊಸ ಹಿಂಬಾಕಿ ಹತ್ತೊಂಬತ್ತು ತಿಂಗಳು ಬೆಳೆದಿದೆ.

ಆಗಸ್ಟ್ 8, ವರಮಹಾಲಕ್ಷ್ಮಿ

ಮಡಿವಾಳ ಮಾರುಕಟ್ಟೆಯಲ್ಲಿ ಹೂವಿನ ರೇಟು ಕೇಳಿ ವಾಪಸ್ ಬಂದೆ.

ಬೊಮ್ಮನಹಳ್ಳಿಗೆ ಚೌಕಾಸಿಯ ಇನ್ನೊಂದು ನೆನಪಿದೆ. 2016ರ ಏಪ್ರಿಲ್ 18. ಪಿಎಫ್ ಹಣ ತೆಗೆಯುವ ನಿಯಮವನ್ನು ಕೇಂದ್ರ ಬಿಗಿ ಮಾಡಿತ್ತು, ಮಾಲೀಕರ ಪಾಲು 58 ವರ್ಷ ಆಗುವವರೆಗೆ ಕೈಗೆ ಸಿಗುವುದಿಲ್ಲ ಎಂದು. ಇಲ್ಲಿನ ಗಾರ್ಮೆಂಟ್ಸ್ ಹೆಂಗಸರು ಕೆಲಸ ಬಿಟ್ಟು ಬಂದು ಹೊಸೂರು ರಸ್ತೆಯಲ್ಲಿ ಕೂತರು. ಕರೆ ಕೊಟ್ಟ ಸಂಘವಿಲ್ಲ, ಬೇಡಿಕೆಯ ಪಟ್ಟಿಯಿಲ್ಲ, ಮಾತುಕತೆಗೆ ಕರೆಯಲು ನಾಯಕರೂ ಇಲ್ಲ. ಮರುದಿನ ಲಾಠಿ, ಕಲ್ಲು, ಹೊತ್ತಿದ ಬಸ್ಸುಗಳು. ಆ ಸಂಜೆಯೇ ದೆಹಲಿ ನಿಯಮ ವಾಪಸ್ ತೆಗೆದುಕೊಂಡಿತು. ನೋಟಿಸ್ ಕೊಟ್ಟು, ಕಾಯ್ದು, ಕೋರ್ಟಿಗೆ ತಲೆಬಾಗಿದವರಿಗೆ ಐದೂವರೆ ವರ್ಷದಲ್ಲಿ ಸಿಗದ್ದು ಯಾವ ಕಾಯ್ದೆಯನ್ನೂ ಓದದವರಿಗೆ ಎರಡು ದಿನದಲ್ಲಿ ಸಿಕ್ಕಿತು. ಇದನ್ನು ಬರೆದು, ಬೆಂಕಿಗೆ ಸಮರ್ಥನೆಯಂತೆ ಓದಿಕೊಳ್ಳಬಹುದು ಎಂದು ಹೆದರಿ ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ನಡೆದದ್ದು ನಡೆದದ್ದೇ.

ಆಗಸ್ಟ್ 11, ಸೋಮವಾರ

ನಿನ್ನೆ ಪ್ರಧಾನಿ ಬಂದು ಹಳದಿ ಮಾರ್ಗ ಉದ್ಘಾಟಿಸಿದರು, ಇವತ್ತಿನಿಂದ ಜನರಿಗೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್, ನಮ್ಮ ತಲೆಯ ಮೇಲೇ ಒಂದು ನಿಲ್ದಾಣ. ಸದ್ಯ ಮೂರೇ ರೈಲು, 25 ನಿಮಿಷಕ್ಕೊಂದು. ಐಟಿ ಹುಡುಗರು ಸೆಲ್ಫಿ ತೆಗೆಯುತ್ತ ಎಸ್ಕಲೇಟರ್ ಹತ್ತಿದರು. ಮೇಲೆ ಶಕ್ತಿ ಯೋಜನೆ ಇಲ್ಲವಾದ್ದರಿಂದ ಗಾರ್ಮೆಂಟ್ಸ್ ಹೆಂಗಸರು ಕೆಳಗೆ ಸ್ಟಾಪಿನಲ್ಲೇ ನಿಂತಿದ್ದರು.

ಅದೇ ಕಂಡಕ್ಟರ್ ಸಿಕ್ಕರು. ಮುಷ್ಕರದ ದಿನ ದುಡಿದವರೆಂದು ನಿಮಗೇನಾದರೂ ಸಿಕ್ಕಿತೇ ಎಂದು ತಮಾಷೆಗೆ ಕೇಳಿದೆ.

"ಸಿಕ್ತಲ್ಲ ಸಾರ್. ಡಿಪೋದಲ್ಲಿ ಒಂದು ವಾರ ಯಾರೂ ಮಾತಾಡ್ಸಿಲ್ಲ" ಅಂದರು. ಆಮೇಲೆ ಟಿಕೆಟ್ ಮಷಿನ್ ಸರಿಮಾಡಿಕೊಂಡು, "ರೂಪೇನ ಅಗ್ರಹಾರ ಯಾರ್ರೀ, ಇಳ್ಕೊಳ್ಳಿ" ಎಂದು ಕೂಗಿದರು.