ಅಮ್ಮನ ಕೋಣೆಯ ಬಣ್ಣ

ಮಂಗಳೂರಿನಿಂದ ರೈಲಿನಲ್ಲಿ ದಕ್ಷಿಣಕ್ಕೆ ಹೊರಟರೆ ಮಂಜೇಶ್ವರ, ಉಪ್ಪಳ ದಾಟಿ ಕುಂಬಳೆ ಬರುತ್ತದೆ. ಎಲ್ಲಿ ನೋಡಿದರೂ ತೆಂಗು, ಅಡಿಕೆಯ ಹಸಿರು. ನಡುವೆ ಕೆಂಪು ಮುರಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುವ ಕಲ್ಲು ಇದು. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟರು. ಲ್ಯಾಟಿನ್ ಭಾಷೆಯಲ್ಲಿ 'ಲಾತೆರ್' ಎಂದರೆ ಇಟ್ಟಿಗೆ.

ನಮ್ಮ ಮನೆಯ ಗೋಡೆ, ಅಂಗಳ ಎಲ್ಲವೂ ಇದೇ ಕೆಂಪು. ಒಂದು ಏಪ್ರಿಲಿನಲ್ಲಿ ರಜೆಗೆ ಹೋದಾಗ, ಮಳೆಗಾಲಕ್ಕೆ ಮೊದಲು ಅಮ್ಮನ ಕೋಣೆಗೆ ಬಣ್ಣ ಬಳಿಯುವ ಸಿದ್ಧತೆ ನಡೆದಿತ್ತು. ಅಣ್ಣನಿಗೆ ದಂತದ ಬಣ್ಣ ಇಷ್ಟ, ಅತ್ತಿಗೆಗೆ ಗಂಧದ ಬಣ್ಣ. "ಫಾದರ್ ಹೇಳಲಿ" ಎಂದು ಅಂಗಡಿಯ ಕಾರ್ಡನ್ನು ನನ್ನ ಕೈಗಿತ್ತರು. ನಾನು ಅದನ್ನು ಅಮ್ಮನಿಗೆ ತೋರಿಸಿದೆ.

"ನನಗೆ ಎರಡೂ ಒಂದೇ ಮಗಾ" ಎಂದರು ಅಮ್ಮ.

ಬೇಸರದ ಮಾತೆಂದುಕೊಂಡೆ. ಆಮೇಲೆ ಹೊಳೆಯಿತು, ಅವರ ಕಣ್ಣಿಗೆ ಪೊರೆ ಬಂದಿದೆ. ನಿಜವಾಗಿಯೂ ಎರಡೂ ಒಂದೇ!

ಪೇಂಟರ್ ಅನುಭವಸ್ಥ. "ಕಾರ್ಡು ನಂಬಬೇಡಿ" ಎಂದು ಬಾಗಿಲಿನ ಎರಡು ಬದಿಗೂ ಎರಡೆರಡು ಅಡಿ ಅಗಲ, ಎರಡು ಕೋಟ್ ಬಳಿದ. ಒಣಗಲು ಬಿಟ್ಟು ಮರುದಿನವಿಡೀ ನೋಡಿದೆವು. ಬೆಳಿಗ್ಗೆ ಕೆಂಪು ಅಂಗಳಕ್ಕೆ ಬಿದ್ದ ಬಿಸಿಲು ಒಳಗೆ ಪ್ರತಿಫಲಿಸಿ ಗಂಧದ ಬಣ್ಣ ಇಟ್ಟಿಗೆಯಂತಾಯಿತು. ದಂತದ್ದೇ ಗಂಧದಂತೆ ಕಂಡಿತು. ರಾತ್ರಿ ಟ್ಯೂಬ್‌ಲೈಟಿನಲ್ಲಿ ಗಂಧ ಮಂಕಾಯಿತು. ಬಣ್ಣ ಡಬ್ಬಿಯಲ್ಲಿ ಅರ್ಧ, ಬೆಳಕಿನಲ್ಲಿ ಅರ್ಧ.

ಆದರೆ ತೀರ್ಮಾನವಾದದ್ದು ಮುಸ್ಸಂಜೆಗೆ. ಅಮ್ಮ ಹೊರಗೆ ಹೋಗಲು ಎದ್ದರು. ಹಲಸಿನ ಮರದ ಹಳೆಯ ದಾರಂದ ಗಂಧದ ಬದಿಯಲ್ಲಿ ಗೋಡೆಯೊಳಗೇ ಕರಗಿಹೋಗಿತ್ತು. ಅಲ್ಲಿ ಕೈಯಿಂದ ತಡವಿದರು. ದಂತದ ಬದಿಯಲ್ಲಿ ದಾರಂದದ ಅಂಚು ಅವರಿಗೆ ಕಂಡಿತು. ಅದನ್ನೇ ಹಿಡಿದು ಹೊರನಡೆದರು. ಆ ಕೋಣೆಯಲ್ಲಿ ವರ್ಷಗಳಿಂದ ಅವರು ಹೀಗೆ ತಡವುತ್ತಿದ್ದರೇನೋ, ನಾವು ನೋಡಿರಲಿಲ್ಲ.

ಅತ್ತಿಗೆಯೇ ಹೇಳಿದರು: "ದಂತದ್ದೇ ಇರಲಿ. ದಾರಂದಕ್ಕೆ, ಸ್ವಿಚ್ಚಿನ ಹಲಗೆಗೆ ಕಡು ಕಂದು ಹಚ್ಚೋಣ."

ಮಳೆಗಾಲ ಕಳೆದ ಮೇಲೆ ಅಮ್ಮನ ಕಣ್ಣಿನ ಆಪರೇಷನ್ ಆಯಿತು. ಹಳದಿಗಟ್ಟಿದ ಮಸೂರ ಹೋಗಿ ಹೊಸದು ಬಂತು. ಮನೆಗೆ ಬಂದವರೇ ಗೋಡೆ ನೋಡಿ ಫೋನಿನಲ್ಲಿ ನನ್ನನ್ನು ಗದರಿದರು: "ಇಷ್ಟು ಬಿಳಿ ಯಾಕೆ ಹಚ್ಚಿಸಿದೆ ಮಗಾ? ಕೊಳೆಯಾಗುವುದಿಲ್ಲವಾ?"

ಆ ಬೈಗುಳ ಕೇಳಿ ಸಂತೋಷವಾಯಿತು. ನಿಮ್ಮ ಮನೆಯಲ್ಲೂ ಹಿರಿಯರ ಕೋಣೆಗೆ ಬಣ್ಣ ಬಳಿಸುವುದಿದ್ದರೆ, ಒಂದು ಸಂಜೆ ಅವರ ಜೊತೆ ಅಲ್ಲಿ ಕುಳಿತು ನೋಡಿ.