ಬಿರುಕು ಬಿಟ್ಟ ಮೇಲೆ

1
ರಾಗಿಗುಡ್ಡ ಬಡಾವಣೆಯಲ್ಲಿ ಮನೆ ಏಳುವ ಕಡೆಯೆಲ್ಲ ಬೀದಿಯಲ್ಲಿ ಕಂಬಿ. ಬಗ್ಗಿಸುವವರು, ಬೈಂಡಿಂಗ್ ವೈರ್ ಸುತ್ತುವವರು. ಉಕ್ಕಿನ ಸಣ್ಣ ಎಳೆ ಬೆರೆಸಿದ ಕಾಂಕ್ರೀಟಿಗೆ ಈ ಕೆಲಸವಿಲ್ಲ; ಎಳೆಯನ್ನು ಜಲ್ಲಿ, ಮರಳಿನ ಜೊತೆ ಮಿಕ್ಸರಿಗೇ ಸುರಿಯುತ್ತಾರೆ. ಆದರೆ ಕಂಬ, ತೊಲೆಗಳಿಗೆ ಕಂಬಿ ಬೇಕೇ ಬೇಕು. ಎಳೆ ಹೆಚ್ಚಾಗಿ ಹೋಗುವುದು ಗೋದಾಮಿನ ನೆಲಕ್ಕೆ, ಸುರಂಗದ ಗೋಡೆಗೆ.

2
ಒಂದು ಬಗೆಯ ಎಳೆ: ಉದ್ದ 60 ಮಿಲಿಮೀಟರ್, ದಪ್ಪ 0.75. ಎರಡೂ ತುದಿ ಕೊಕ್ಕೆ. ತೂಕ ಗ್ರಾಮಿನ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು. ಘನಮೀಟರಿಗೆ 30 ಕಿಲೋ ಹಾಕಿದರೆ ಸುಮಾರು 1,44,000 ಎಳೆ. ಯಾವುದು ಯಾವ ಕಡೆಗೆ ಮಲಗಿತೆಂದು ಯಾರೂ ನೋಡುವುದಿಲ್ಲ.

3
ಎಳೆಯನ್ನು ಒಮ್ಮೆಗೇ ಸುರಿದರೆ ಉಂಡೆ ಕಟ್ಟುತ್ತದೆ.

4
ಪರೀಕ್ಷೆಗೆ 150 ಮಿಲಿಮೀಟರಿನ ಕಾಂಕ್ರೀಟ್ ಕ್ಯೂಬ್, 28 ದಿನ ನೀರಿನಲ್ಲಿ, ಆಮೇಲೆ ಯಂತ್ರದಡಿ. ಎಳೆ ಇದ್ದರೂ ಇಲ್ಲದಿದ್ದರೂ ಪುಡಿಯಾಗುವ ಭಾರ ಹೆಚ್ಚುಕಡಿಮೆ ಒಂದೇ. ಹಾಗಾದರೆ ಬಲ ಎಲ್ಲಿದೆ?

5
ತೊಲೆಯನ್ನು ಬಗ್ಗಿಸಿದಾಗ ತಿಳಿಯುತ್ತದೆ. ಬರಿ ಕಾಂಕ್ರೀಟ್ ಬಿರುಕು ಬಿಟ್ಟ ಕ್ಷಣವೇ ಎರಡು ತುಂಡು. ಎಳೆ ಹಾಕಿದ್ದೂ ಬಹುಪಾಲು ಅಷ್ಟೇ ಭಾರಕ್ಕೆ ಬಿರುಕು ಬಿಡುತ್ತದೆ. ಆದರೆ ಬೀಳುವುದಿಲ್ಲ. ಬಿರುಕು ಬಾಯಿ ಬಿಡುತ್ತಾ ಹೋದರೂ ಭಾರ ಹೊರುತ್ತಲೇ ಇರುತ್ತದೆ.

6
ಬಿರುಕಿಗೆ ಅಡ್ಡಲಾದ ಎಳೆ ತುಂಡಾಗಬಾರದು, ಕಿತ್ತು ಬರಬೇಕು. ಕೊಕ್ಕೆ ನೆಟ್ಟಗಾಗುತ್ತಾ, ಉಜ್ಜಿಕೊಂಡು, ಇಷ್ಟಿಷ್ಟೇ ಜಾರಬೇಕು. ಶಕ್ತಿ ಖರ್ಚಾಗುವುದು ಆ ಜಾರುವಿಕೆಯಲ್ಲಿ. ತೀರ ಬಿಗಿಯಾಗಿ ಕಚ್ಚಿಕೊಂಡ ಎಳೆ ಪಟ್ಟನೆ ಕಡಿದುಹೋಗುತ್ತದೆ. ಈ ವಿಷಯದಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಇದೇ.

7
ಈ ಯೋಚನೆ ಹಳೆಯದು. 1874, ಕ್ಯಾಲಿಫೋರ್ನಿಯಾ: ಕೃತಕ ಕಲ್ಲಿಗೆ ಗುಜರಿ ಕಬ್ಬಿಣದ ಹರಳು ಬೆರೆಸುವ ಪೇಟೆಂಟ್. ಎಳೆಯ ಲೆಕ್ಕಾಚಾರವನ್ನು ಸಂಶೋಧಕರಾದ ರೊಮುವಾಲ್ಡಿ, ಬ್ಯಾಟ್ಸನ್ ಪ್ರಕಟಿಸಿದ್ದು 1963ರಲ್ಲಿ.

8
ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದ್ದು 1923ರಲ್ಲಿ, ಮಲೆನಾಡಿನ ಮರದ ಇದ್ದಿಲಿನಿಂದ. ಮುಂದೆ ಅದೇ ಸಂಸ್ಥೆ ಸಿಮೆಂಟನ್ನೂ ಮಾಡಿತು. ಎಳೆಯ ಕಾಂಕ್ರೀಟಿಗೆ ಬೇಕಾದ ಉಕ್ಕು, ಸಿಮೆಂಟು ಎರಡೂ ಒಂದೇ ಊರಲ್ಲಿ ಆಗುತ್ತಿದ್ದವು. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ನಿರ್ಧಾರ ಬಂತು. ಕಾರ್ಮಿಕರು ಧರಣಿ ಕೂತರು.

9
ಮಳೆಗೆ ಕಾಂಕ್ರೀಟಿನ ಮೈಮೇಲಿನ ಎಳೆ ತುಕ್ಕು ಹಿಡಿದು ಕಂದು ಚುಕ್ಕೆಯಾಗುತ್ತದೆ. ಕಂಬಿಯ ತುಕ್ಕು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಎಳೆಯ ತುಕ್ಕಿಗೆ ಅಷ್ಟು ಗಾತ್ರವಿಲ್ಲ.

10
ಕಾಂಕ್ರೀಟ್ ರಸ್ತೆ ಗಟ್ಟಿಯಾಗುತ್ತಿದ್ದಂತೆ ಗರಗಸದಿಂದ ಗೀರು ಹಾಕುತ್ತಾರೆ, ಬಿರುಕು ಬಂದರೆ ಅಲ್ಲೇ ಬರಲೆಂದು. ಎಳೆ ಹಾಕಿದ ನೆಲದಲ್ಲಿ ಗೀರುಗಳನ್ನು ದೂರ ದೂರ ಇಡಬಹುದು.

11
ಅಚ್ಚಿನ ಪಕ್ಕಕ್ಕೆ ತಾಗಿದ ಎಳೆಗಳು ಅದರ ಉದ್ದಕ್ಕೇ ಮಲಗುತ್ತವೆ. ಹಾಗಾಗಿ ಪುಟ್ಟ ಅಚ್ಚಿನ ತೊಲೆ, ಅದೇ ಕಲಸಿನ ದೊಡ್ಡ ನೆಲಕ್ಕಿಂತ ಗಟ್ಟಿಯೆಂದು ತೋರಬಹುದು.