ಬಾಣದ ಒಡೆಯ

ಅರಸನೂ ಐಶ್ವರ್ಯವೂ ಇರುವ ಜನರೇ ನಾಗರಿಕರೆಂದು ನಾನು ಬಹುಕಾಲ ನಂಬಿದ್ದೆನು. ಆಫ್ರಿಕದ ದಕ್ಷಿಣ ಭಾಗದ ಜನಜೀವನವನ್ನು ಕುರಿತು ಓದಿದಾಗ ಆ ನಂಬಿಕೆ ಸಡಿಲಿತು.

ಹಿಂದೆ ಅಲ್ಲಿನ ಬಂಟು ಜನರು ಕಬ್ಬಿಣದ ಗುದ್ದಲಿಯಿಂದ ನೆಲವನ್ನು ಅಗೆದು ಜೋಳ ಬೆಳೆಯುತ್ತಿದ್ದರು. ನಾಯಕನ ಆಜ್ಞೆಗೆ ತಲೆಬಾಗುತ್ತಿದ್ದರು. ದನಗಳೇ ಅವರ ಸಂಪತ್ತು. ಮದುವೆಯಲ್ಲಿ ವರನ ಕಡೆಯವರು ಕನ್ಯೆಯ ಮನೆಗೆ ದನಗಳನ್ನು ಕೊಡುತ್ತಿದ್ದರು.

ಖೋಯ್ಸಾನರಲ್ಲಿ ಖೋಯ್‌ಖೋಯ್‌ಗಳು ಪಶುಪಾಲಕರು, ಸಾನರು ಬೇಟೆಗಾರರು. ಕಲಹಾರಿಯ ಸಾನರಿಗೆ ಅರಸನಿರಲಿಲ್ಲ. ಕೂಡಿಟ್ಟ ಸಿರಿಯೂ ಇರಲಿಲ್ಲ. ಅವರ ಒಂದು ಪಂಗಡದಲ್ಲಿ ಮಾಂಸವನ್ನು ಹಂಚುವ ಹಕ್ಕು ಮಿಗವನ್ನು ಕೊಂದವನದಲ್ಲ, ಬಾಣದ ಒಡೆಯನದು. ಬಾಣವನ್ನು ಎರವಲು ಕೊಟ್ಟ ಮುದುಕನೂ ಆ ಒಡೆಯನಾಗಬಹುದಿತ್ತು. ಹೀಗೆ ಬೇಟೆಗಾರನ ಗರ್ವ ತಗ್ಗುತ್ತಿತ್ತು.

ಜುಲು ಮೊದಲಾದ ಬಂಟು ನುಡಿಗಳು ಖೋಯ್ಸಾನರಿಂದ ನಾಲಗೆಯನ್ನು ಲೊಚಗುಟ್ಟುವ ಧ್ವನಿಗಳನ್ನು ಪಡೆದಿವೆ. ನಾನು ಅವರಿಂದ ಹಂಚಿ ಉಣ್ಣುವ ಪಾಠವನ್ನು ಪಡೆದೆನು.